ಹಳೆ ಮಂಗಳೂರು ಸ್ಟೇಷನ್, ಬಂದರಿನ ಹಳಿ, ಹಂಚಿನ ಕಾರ್ಖಾನೆಗಳು: ಫೋಟೊ ಇದ್ದವರು ಇಲ್ಲಿ ಹಾಕಿ

ಜೆಪ್ಪುಕರೆ:
ಎಲ್ಲರಿಗೂ ನಮಸ್ಕಾರ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆಗ ಇದು ಸಣ್ಣ ಊರು. 1901ರ ಜನಗಣತಿಯಲ್ಲಿ ಇಲ್ಲಿದ್ದವರು 44,108 ಮಂದಿ. ಕಲ್ಲಿಕೋಟೆ, ಕಣ್ಣೂರು, ಕಾಸರಗೋಡು ಕಡೆಯಿಂದ ಬಂದ ಹಳಿ ನೇತ್ರಾವತಿ ದಾಟಿ ಇಲ್ಲಿಗೆ ಮುಗಿಯಿತು. ಹಾಸನದ ಕಡೆ ಹಳಿ ಪೂರ್ತಿ ಆದದ್ದು 1979ರಲ್ಲಿ. ಉಡುಪಿಗೆ ರೈಲು ಹೋದದ್ದು 1993ರಲ್ಲಿ. ಅಷ್ಟು ಕಾಲ ನಮ್ಮದು ಕಟ್ಟಕಡೆಯ ಸ್ಟೇಷನ್ನಿನ ಊರು.

ಆ ಕಾಲದ ಫೋಟೊಗಳನ್ನು ಒಂದು ಕಡೆ ಸೇರಿಸಬೇಕೆಂದು ನನ್ನ ಆಸೆ. ಸ್ಟೇಷನ್ನಿನ ಮುಂಭಾಗದ ಫೋಟೊ ಬೇಕಾದಷ್ಟು ಓಡಾಡುತ್ತವೆ. ನನಗೆ ಬೇಕಿರುವುದು ಅದರ ಹಿಂದಿನ ಊರು. ಪಾಂಡೇಶ್ವರ ಗೇಟ್ ದಾಟಿ ಬಂದರಿನ ಗೂಡ್ಸ್ ಶೆಡ್ ಕಡೆಗೆ ಹೋಗುವ ಹಳಿ ಇದೆಯಲ್ಲ, ಅದರ ಎರಡೂ ಬದಿ. ಹಂಚಿನ ಕಾರ್ಖಾನೆ, ಕಾಫಿ ಶೆಡ್, ಗೋಡೌನು, ಕೆಲಸದವರ ಬಿಡಾರ, ಚಹಾ ಅಂಗಡಿ, ರೈಲ್ವೆ ಕ್ವಾರ್ಟರ್ಸ್. ರೈಲು ಈ ಊರನ್ನು ಬದಲಾಯಿಸಿದ್ದು ಅಲ್ಲಿ. ಜನ ಇಳಿದು ಹಂಪನಕಟ್ಟೆಗೆ ನಡೆದರು. ಊರಿನ ದುಡಿಮೆ ಆ ಹಳಿಯ ಮೇಲೆ ಹೋಯಿತು. ಆದರೆ ಕ್ಯಾಮೆರಾ ಹಿಡಿದವರು ಹೆಚ್ಚಿನವರು ಜನ ಇಳಿಯುವ ಬದಿಯಲ್ಲೇ ನಿಂತಿದ್ದಾರೆ.

ಮನೆಯಲ್ಲಿ ಹಳೆ ಆಲ್ಬಮ್ ಇದ್ದವರು ದಯವಿಟ್ಟು ತೆಗೆದು ನೋಡಿ. ಮದುವೆ ಫೋಟೊದ ಹಿಂದೆ ಒಂದು ಚಿಮಣಿ ಕಂಡರೂ ಸಾಕು.

ಕುಡ್ಲದಹುಡುಗ:
ಇಗೊಳ್ಳಿ ಅಣ್ಣ. ಫ್ಯಾಮಿಲಿ ಗ್ರೂಪಿನಲ್ಲಿ ಬಂದದ್ದು. "1907, ಮಂಗಳೂರಿಗೆ ಬಂದ ಮೊದಲ ರೈಲು" ಎಂದು ಬರೆದಿದೆ. ಎಂಜಿನ್ ಎಷ್ಟು ಚಂದ ಉಂಟು ನೋಡಿ!

ಮೀಟರ್‌ಗೇಜ್_ಪುತ್ತೂರು:
ಚಂದ ಉಂಟು, ಆದರೆ 1907ರದ್ದಲ್ಲ. ಎಂಜಿನ್ನಿನ ಮೂತಿ ನೋಡಿ. ಬುಲೆಟ್ ತರಹ ಮುಂದೆ ಚಾಚಿದೆ, ಮಧ್ಯದಲ್ಲಿ ನಕ್ಷತ್ರ. ಅದು ಡಬ್ಲ್ಯುಪಿ ಎಂಜಿನ್. ಅವು ನಮ್ಮ ದೇಶಕ್ಕೆ ಬಂದದ್ದೇ 1947ರಲ್ಲಿ. ಮತ್ತೆ ಬೋರ್ಡಿನಲ್ಲಿ ಹಿಂದಿ ಅಕ್ಷರ ಕಾಣುತ್ತದೆ. ಅದೂ ಸ್ವಾತಂತ್ರ್ಯದ ನಂತರದ ಕಾಲವನ್ನೇ ಹೇಳುತ್ತದೆ. ಫೋಟೊ ಎಸೆಯಬೇಡಿ. 1950 ಅಥವಾ 60ರ ದಶಕದ ಫೋಟೊ ಎಂದು ಇಟ್ಟುಕೊಂಡರೆ ಅದಕ್ಕೂ ಬೆಲೆ ಇದೆ. ತಪ್ಪು ವರ್ಷ ಅಂಟಿಸಿ ಹಂಚಿದರೆ ಎರಡೂ ಕಾಲದ ಕಥೆ ಹಾಳು.

ಕುಡ್ಲದಹುಡುಗ:
ಹೌದಾ! ಹಾಗಾದ್ರೆ ನಿಜವಾಗಿ 1907ರದ್ದು ಎಂದು ಹೇಗೆ ಗುರುತಿಸುವುದು?

ಹಳೆಪೋಸ್ಟ್‌ಕಾರ್ಡ್:
ಒಂದು ಸುಲಭದ ದಾರಿ ಹೇಳ್ತೇನೆ. ಬೋಗಿ, ಬೋರ್ಡು, ಟೋಪಿ, ಬಕೆಟ್, ಎಲ್ಲಿಯಾದರೂ ಕಂಪೆನಿ ಅಕ್ಷರ ಇದೆಯಾ ನೋಡಿ. ಈ ಹಳಿ ಹಾಕಿದ್ದು ಮದ್ರಾಸ್ ರೈಲ್ವೆ. 1908ರಲ್ಲಿ ಜೋಲಾರ್‌ಪೇಟೆಯಿಂದ ಮಂಗಳೂರಿನವರೆಗಿನ ದಾರಿ ಸೌತ್ ಇಂಡಿಯನ್ ರೈಲ್ವೆಗೆ ಹೋಯಿತು. 1951ರಲ್ಲಿ ಅದೆಲ್ಲ ಸೇರಿ ಸದರ್ನ್ ರೈಲ್ವೆ ಆಯಿತು. ಹಾಗಾಗಿ 'ಎಸ್.ಐ.ಆರ್.' ಎಂಬ ಅಕ್ಷರ ಕಂಡರೆ ಫೋಟೊ 1908ರಿಂದ 1951ರ ಒಳಗೆ. 'ಎಸ್.ಆರ್.' ಕಂಡರೆ ಆಮೇಲಿನದ್ದು. ಮಂಗಳೂರಿನಲ್ಲಿ ಮದ್ರಾಸ್ ರೈಲ್ವೆ ಹೆಸರಿನ ಕಾಲ ಬಹಳ ಚಿಕ್ಕದು. ಆ ಹೆಸರು ಇರುವ ಫೋಟೊ ಯಾರಿಗಾದರೂ ಸಿಕ್ಕಿದರೆ ದಯವಿಟ್ಟು ಯಾರಿಗೂ ಮಾರಬೇಡಿ, ಮೊದಲು ಸ್ಕ್ಯಾನ್ ಮಾಡಿ.

ಪೋಸ್ಟ್‌ಕಾರ್ಡ್ ಆದರೆ ಹಿಂದೆ ತಿರುಗಿಸಿ. ಸ್ಟ್ಯಾಂಪಿನಲ್ಲಿ ಗಡ್ಡದ ಬೋಳುತಲೆಯ ರಾಜ ಏಳನೇ ಎಡ್ವರ್ಡ್. 1902ರಿಂದ ಸುಮಾರು ಹತ್ತು ವರ್ಷ. ಕಿರೀಟ ಇಟ್ಟ ಗಡ್ಡದ ಐದನೇ ಜಾರ್ಜ್ ಸ್ಟ್ಯಾಂಪ್ 1911ರಿಂದ. ಗಡ್ಡವಿಲ್ಲದ ಆರನೇ ಜಾರ್ಜ್ 1937ರಿಂದ. ಆದರೆ ಸ್ಟ್ಯಾಂಪು ಹೇಳುವುದು ಕಾರ್ಡು ಅಂಚೆಗೆ ಬಿದ್ದ ಕಾಲ. ಚಿತ್ರ ಅದಕ್ಕಿಂತ ಎಷ್ಟೋ ವರ್ಷ ಹಳೆಯದಿರಬಹುದು. ಅಂಗಡಿಯವರು ಅದೇ ಚಿತ್ರವನ್ನು ಅಚ್ಚು ಹಾಕಿಸುತ್ತಲೇ ಇರುತ್ತಿದ್ದರು.

ಹೊಯಿಗೆಬಜಾರ್:
ಜೆಪ್ಪುಕರೆಯವರೆ, ನೀವು ಕೇಳಿದ್ದು ನನ್ನ ಹತ್ತಿರ ಒಂದು ಉಂಟು. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ ಆಗಿದ್ದರು. ಕೆಲಸದವರೆಲ್ಲ ಸೇರಿ ತೆಗೆಸಿದ ಗ್ರೂಪ್ ಫೋಟೊ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಮಕ್ಕಳು, ಹೌದು, ಕೆಲಸಕ್ಕಿದ್ದ ಮಕ್ಕಳು. ಮಧ್ಯದಲ್ಲಿ ಕುರ್ಚಿ ಮೇಲೆ ಸಾಹೇಬರು. ಹೆಂಗಸರು ಬಲಗಡೆ ಗುಂಪಾಗಿ, ಯಾರೂ ಕ್ಯಾಮೆರಾ ಕಡೆ ನೋಡುತ್ತಿಲ್ಲ. ಹಿಂದೆ ಕೆಂಪು ಇಟ್ಟಿಗೆ ಚಿಮಣಿ. ಅದರ ಪಕ್ಕದಲ್ಲಿ ಒಣಗಲು ಹಾಕಿದ ಹಂಚಿನ ರ‍್ಯಾಕುಗಳು. ಎಡ ಮೂಲೆಯಲ್ಲಿ ಗೂಡ್ಸ್ ವ್ಯಾಗನ್ನಿನ ಅರ್ಧ. ಫೋಟೊದವನು ಅದನ್ನು ಬಿಟ್ಟು ತೆಗೆಯಲು ನೋಡಿದ್ದಾನೆ, ಆಗಲಿಲ್ಲ. ನಮ್ಮ ಪುಣ್ಯ.

ಹಿಂದೆ ವರ್ಷ ಬರೆದಿಲ್ಲ. ಆದರೆ ಗೇಟಿನ ಬೋರ್ಡಿನಲ್ಲಿ 'ಕಾಮನ್‌ವೆಲ್ತ್' ಎಂಬ ಅಕ್ಷರ ಓದಲು ಬರುತ್ತದೆ.

ಹಳೆಪೋಸ್ಟ್‌ಕಾರ್ಡ್:
ಹಾಗಾದರೆ ಮೊದಲ ಮಹಾಯುದ್ಧದ ನಂತರದ್ದು. ಜೆಪ್ಪುವಿನ ಕಾರ್ಖಾನೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿಗಳದ್ದು, 1865ರಲ್ಲಿ ಅವರಲ್ಲೊಬ್ಬರಾದ ಪ್ಲೆಬ್ಸ್ಟ್ ಶುರು ಮಾಡಿದ್ದು. ಮಿಶನ್ ಸ್ವಿಟ್ಜರ್‌ಲೆಂಡಿನದ್ದಾದರೂ ಇಲ್ಲಿದ್ದವರಲ್ಲಿ ಜರ್ಮನ್ನರು ತುಂಬಾ ಮಂದಿ. ಯುದ್ಧ ಬಂದಾಗ ಬ್ರಿಟಿಷರು ಅವರನ್ನು ಶತ್ರುಗಳೆಂದು ಎಣಿಸಿದರು. ಹಂಚು, ನೇಯ್ಗೆ ಎಲ್ಲ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ನಿಮ್ಮ ಬೋರ್ಡಿನ ಒಂದೇ ಶಬ್ದ ಇಷ್ಟು ಹೇಳುತ್ತದೆ ನೋಡಿ. ದೊಡ್ಡದಾಗಿ ಸ್ಕ್ಯಾನ್ ಮಾಡಿ ಹಾಕಿ ಮಾರಾಯ್ರೆ.

ಜೆಪ್ಪುಕರೆ:
ನನ್ನ ಕೈ ನಡುಗುತ್ತಿದೆ. ನಾನು ಹುಡುಕುತ್ತಿದ್ದದ್ದು ಇದನ್ನೇ. ಆ ಅರ್ಧ ವ್ಯಾಗನ್ನಿನ ಹತ್ತಿರ ಯಾರಾದರೂ ನಿಂತಿದ್ದಾರಾ? ಹಳಿ ಕಾರ್ಖಾನೆ ಕಾಂಪೌಂಡಿನ ಒಳಗೇ ಬಂದಿದೆಯಾ, ಗೋಡೆಯ ಹೊರಗಾ?

ಹೊಯಿಗೆಬಜಾರ್:
ಗೋಡೆಯ ಹೊರಗೆ. ಗೋಡೆ ಮುರಕಲ್ಲಿನದ್ದು, ಸುಣ್ಣ ಬಳಿದಿದ್ದಾರೆ. ವ್ಯಾಗನ್ನಿನ ಬಾಗಿಲು ತೆರೆದಿದೆ, ಒಳಗೆ ಒಣಹುಲ್ಲು ಕಾಣುತ್ತದೆ. ಹಂಚು ಒಡೆಯದ ಹಾಗೆ ಹುಲ್ಲು ಹಾಕಿ ಜೋಡಿಸುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ರೈಲು ಬಂದ ಕೂಡಲೆ ದೋಣಿ ನಿಂತಿತು ಎಂದು ಬರೆಯುತ್ತಾರಲ್ಲ, ಅದು ಸರಿಯಲ್ಲ. ಮಣ್ಣು ಬರುತ್ತಿದ್ದದ್ದು ಹೊಳೆಯಲ್ಲಿ, ದೋಣಿಯಲ್ಲಿ. ಸೌದೆಯೂ ಹಾಗೇ. ಹಂಚು ಮುಂಬೈ ಕಡೆಗೆ ಹೋಗುತ್ತಿದ್ದದ್ದು ಮಂಜಿ ಎಂಬ ಹಾಯಿಹಡಗಿನಲ್ಲಿ. ಕಾರ್ಖಾನೆಗಳೆಲ್ಲ ನೇತ್ರಾವತಿ, ಗುರುಪುರ ಹೊಳೆಯ ದಡದಲ್ಲೇ ಯಾಕೆ ಇವೆ? ಮಣ್ಣಿಗೋಸ್ಕರ. ರೈಲು ಬಂದ ಮೇಲೆ ಇನ್ನೊಂದು ಬಾಗಿಲು ತೆರೆಯಿತು ಅಷ್ಟೇ. ಮಳೆಗಾಲದಲ್ಲಿ ಅಳಿವೆ ಬಾಗಿಲಿನಲ್ಲಿ ಮಂಜಿ, ಹಡಗು ಓಡಾಡಲು ಆಗುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಈ ಹಳಿಯೇ ಗತಿ.

ಅತ್ತಾವರಅಕ್ಕ:
ನಾನು ಸುಮ್ನೆ ಓದುತ್ತಾ ಇದ್ದೆ. ಈಗ ಬರೆಯದೆ ಇರಲು ಆಗುವುದಿಲ್ಲ.

ನಾನು ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಗಾರ್ಡ್. ನಮ್ಮ ಸ್ಟೇಷನ್ ಪಾಲಕ್ಕಾಡ್ ಡಿವಿಷನ್ನಿಗೆ ಸೇರಿದ್ದು ತಾನೆ, ಹಾಗಾಗಿ ನಮ್ಮ ಸಾಲಿನಲ್ಲಿ ಒಂದು ಮನೆಯಲ್ಲಿ ಮಲಯಾಳ, ಪಕ್ಕದಲ್ಲಿ ತಮಿಳು, ಆಚೆ ಕೊಂಕಣಿ, ಈಚೆ ತುಳು. ಮಕ್ಕಳಿಗೆ ಎಲ್ಲವೂ ಬರುತ್ತಿತ್ತು. ಅಂಗಳದಲ್ಲಿ ಜಗಳ ಯಾವ ಭಾಷೆಯಲ್ಲಿ ಶುರುವಾಗಿ ಯಾವ ಭಾಷೆಯಲ್ಲಿ ಮುಗಿಯುತ್ತಿತ್ತೋ ಗೊತ್ತಿಲ್ಲ.

ನನ್ನ ಹತ್ತಿರ ಆಯುಧ ಪೂಜೆಯ ಫೋಟೊ ಇದೆ. 60ರ ದಶಕದ್ದು. ಎಂಜಿನ್ನಿಗೆ ಮಾವಿನ ಎಲೆ, ಬಾಳೆಗಿಡ, ಚೆಂಡುಹೂವಿನ ಮಾಲೆ. ಹೊಗೆಪೆಟ್ಟಿಗೆಯ ಮೇಲೆ ವಿಭೂತಿ ಪಟ್ಟಿ, ಅದರ ಮಧ್ಯೆ ದೊಡ್ಡ ಕುಂಕುಮ. ಕೆಳಗೆ ಒಡೆದ ಬೂದುಗುಂಬಳ. ಡ್ರೈವರ್, ಫೈರ್‌ಮನ್, ಶೆಡ್ಡಿನವರು ಎಲ್ಲ ಸಾಲಾಗಿ ನಿಂತಿದ್ದಾರೆ. ಫೈರ್‌ಮನ್ನರು ಅವತ್ತು ಒಂದು ದಿನ ಬಿಳಿ ಅಂಗಿ. ಅಪ್ಪ ಕೊನೆಯಲ್ಲಿ, ಕೈಯಲ್ಲಿ ಸುತ್ತಿಟ್ಟ ಬಾವುಟ. ನಾವು ಮಕ್ಕಳು ಮುಂದೆ ಕೂತು ಅವಲಕ್ಕಿ ತಿನ್ನುತ್ತಿದ್ದೇವೆ.

ಇಷ್ಟು ವರ್ಷ ನಾನು ನೋಡುತ್ತಿದ್ದದ್ದು ಆ ಮುಖಗಳನ್ನು. ನಿಮ್ಮ ಚರ್ಚೆ ಓದಿದ ಮೇಲೆ ಹಿಂದೆ ನೋಡಿದೆ. ಎಂಜಿನ್ನಿಗೆ ನೀರು ತುಂಬುವ ಕಬ್ಬಿಣದ ಕಂಬ, ಅದರ ತುದಿಗೆ ಚೀಲದ ಹಾಗೆ ಇಳಿಬಿದ್ದ ಕ್ಯಾನ್ವಾಸ್ ಕೊಳವೆ. ಅದರ ಆಚೆ ಸಾಲು ಮನೆ. ಅಡುಗೆಮನೆಯ ಹೊಗೆಗೂಡು ಕಾಣುತ್ತದೆ. ಎರಡನೇ ಬಾಗಿಲು ನಮ್ಮದು. ನಮ್ಮ ಮನೆಯ ಹೊರಗಿನ ರೂಪ ಇರುವ ಫೋಟೊ ನನ್ನ ಹತ್ತಿರ ಬೇರೆ ಯಾವುದೂ ಇಲ್ಲ. ಆ ಸಾಲು ಈಗಿಲ್ಲ.

ಜೆಪ್ಪುಕರೆ:
ಅಕ್ಕ, ನೀವು ಹೇಳಿದ್ದನ್ನೆಲ್ಲ ಹೀಗೇ ಫೋಟೊ ಜತೆ ಬರೆದಿಡಬೇಕು. ಯಾರು ಎಲ್ಲಿ ನಿಂತಿದ್ದಾರೆ, ಯಾವ ಬಾಗಿಲು ಯಾರದ್ದು, ಕ್ಯಾಮೆರಾ ಯಾವ ದಿಕ್ಕಿಗೆ ಇತ್ತು. ನಿಮಗೆ ಗೊತ್ತಿರುವುದು ಇನ್ಯಾರಿಗೂ ಗೊತ್ತಿರಲಾರದು.

ಅತ್ತಾವರಅಕ್ಕ:
ಬರೆಯುತ್ತೇನೆ. ಅದರಲ್ಲಿರುವವರ ಮಕ್ಕಳು ಕೆಲವರು ಊರಲ್ಲೇ ಇದ್ದಾರೆ. ಅವರನ್ನು ಕೇಳದೆ ಹೆಸರು ಮಾತ್ರ ಹಾಕಬೇಡಿ.

ಮೀಟರ್‌ಗೇಜ್_ಪುತ್ತೂರು:
ಅಕ್ಕನವರ ಫೋಟೊದಲ್ಲಿ ಇನ್ನೂ ಒಂದು ಕೆಲಸ ಇದೆ. ಸಿಗ್ನಲ್ ಕಂಬ ಕಂಡರೆ ಹೇಳಿ. ಕೈ ಇಳಿಸುವ ಹಳೆ ಸಿಗ್ನಲ್ಲಾ, ಬಣ್ಣದ ದೀಪದ್ದಾ ಎಂದು. ಡ್ರೈವರ್ ಹತ್ತಿರ ದೊಡ್ಡ ಬೆತ್ತದ ಬಳೆ ಇದ್ದರೆ ಅದು ಟೋಕನ್ ಕೊಡುವ ಬಳೆ. ಒಂದೇ ಹಳಿಯ ದಾರಿಯಲ್ಲಿ ಆ ಟೋಕನ್ ಕೈಯಲ್ಲಿದ್ದ ರೈಲಿಗೆ ಮಾತ್ರ ಮುಂದೆ ಹೋಗಲು ಹಕ್ಕು.

ಮತ್ತೆ ನನ್ನ ಬೇಡಿಕೆ. ಈ ಸಂಗ್ರಹ 1947ಕ್ಕೆ ನಿಲ್ಲಿಸಬೇಡಿ. ಕಪ್ಪು ಬಿಳುಪು ಇದ್ದರೆ ಮಾತ್ರ ಇತಿಹಾಸ ಎಂಬ ಭಾವನೆ ಜನರಲ್ಲಿ ಇದೆ. ನಮ್ಮ ಕಬಕ ಪುತ್ತೂರು, ಬಂಟ್ವಾಳ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನುಗಳ ಮೀಟರ್ ಗೇಜ್ (ಅಗಲ ಕಡಿಮೆಯ ಹಳಿ) ಕಾಲ ಪೂರ್ತಿ ಕಣ್ಮರೆಯಾಗಿದೆ. ಘಾಟಿಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಏರು 50ಕ್ಕೆ 1. ಎಡಕುಮೇರಿಯಂಥ ಸ್ಟೇಷನ್ನಿಗೆ ಹಳಿ ಬಿಟ್ಟರೆ ಸರಿಯಾದ ದಾರಿಯೇ ಇಲ್ಲ. ಅಲ್ಲಿ ಕೆಲಸ ಮಾಡಿದವರು ತೆಗೆಸಿಕೊಂಡ ಫೋಟೊ ಎಲ್ಲಿ? 1996ರಲ್ಲಿ ಗೇಜ್ ಬದಲಾವಣೆಗೆ ದಾರಿ ಮುಚ್ಚಿದರು. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಚಾರಣಕ್ಕೆ ಹೋದವರ ಹತ್ತಿರ ಬೇಕಾದಷ್ಟು ಫೋಟೊ ಇವೆ. ಸುರಂಗದ ಬಾಯಲ್ಲಿ ಸ್ನೇಹಿತರು ನಿಂತದ್ದು. ಅವರು ಅದನ್ನು ಸುಮ್ನೆ ಟ್ರಿಪ್ ಫೋಟೊ ಎಂದುಕೊಂಡಿದ್ದಾರೆ. ಆದರೆ ಹಿಂದೆ ಹಳೆ ಸ್ಲೀಪರು, ಬಾಗಿಲು ಕಿತ್ತ ಸ್ಟೇಷನ್ ಕಟ್ಟಡ ಎಲ್ಲ ಇದೆ.

ಹಳಿಯ ಅಗಲ ನೋಡಲು ಕಲಿಯಿರಿ. ಬ್ರಾಡ್ ಗೇಜ್ 1,676 ಮಿಲಿಮೀಟರ್, ಮೀಟರ್ ಗೇಜ್ 1,000. ಹಳಿಯ ಮಧ್ಯೆ ಒಬ್ಬ ಮನುಷ್ಯ ನಿಂತಿದ್ದರೆ ತಕ್ಷಣ ಗೊತ್ತಾಗುತ್ತದೆ.

ಜೆಪ್ಪುಕರೆ:
ಒಪ್ಪಿದೆ. 1907ರಿಂದ ಶುರು, ಮೀಟರ್ ಗೇಜ್ ಮುಚ್ಚುವವರೆಗೆ. ಘಾಟಿಗೆ ಬೇರೆ ವಿಭಾಗ ಮಾಡೋಣ. ನೀವೇ ನೋಡಿಕೊಳ್ಳಬೇಕು.

ಇಂದ್ರಾಳಿ:
ಉಡುಪಿಯವರಿಗೆ ಇಲ್ಲಿ ಜಾಗ ಇದೆಯಾ?

ನಮ್ಮಲ್ಲಿ ರೈಲಿನ ಹಳೆ ಫೋಟೊ ಇಲ್ಲ, ಯಾಕೆಂದರೆ ರೈಲೇ ಇರಲಿಲ್ಲ. ಅದನ್ನೂ ದಾಖಲೆ ಮಾಡಬೇಕು ಎಂದು ನನ್ನ ಅಭಿಪ್ರಾಯ. ಮಂಗಳೂರಿನಲ್ಲಿ ರೈಲು ಹತ್ತಲು ಉಡುಪಿಯವರು ಏನೆಲ್ಲ ದಾಟಬೇಕಿತ್ತು! ಸೇತುವೆ ಇಲ್ಲದ ಕಾಲದಲ್ಲಿ ಕಡವು ಕಡವಿಗೆ ಇಳಿಯಬೇಕು. ಎರಡು ದೋಣಿ ಜೋಡಿಸಿ ಹಲಗೆ ಹಾಕಿ ಬಸ್ಸನ್ನು ದಾಟಿಸುವ ಫೋಟೊ ನಮ್ಮ ದೊಡ್ಡಪ್ಪನ ಆಲ್ಬಮಿನಲ್ಲಿತ್ತು. ಸಿ.ಪಿ.ಸಿ. (ಕೆನರಾ ಪಬ್ಲಿಕ್ ಕನ್ವೆಯನ್ಸ್) ಬಸ್ಸು ಎಂದು ಅವರು ಹೇಳುತ್ತಿದ್ದರು. ಆ ಕಂಪೆನಿ ಮಂಗಳೂರಿನಲ್ಲಿ 1914ರಲ್ಲೇ ಶುರುವಾದದ್ದು. ಹೋಟೆಲ್ ಕೆಲಸಕ್ಕೆ ಮದ್ರಾಸಿಗೆ ಹೊರಟ ನಮ್ಮ ಹುಡುಗರು ಹೀಗೆ ಹೊಳೆ ದಾಟಿ ದಾಟಿ ಮಂಗಳೂರಿಗೆ ಬಂದು ಮೇಲ್ ರೈಲು ಹತ್ತುತ್ತಿದ್ದರು. ಅವರ ಟ್ರಂಕು, ಹಾಸಿಗೆ ಸುತ್ತಿ ಕಟ್ಟಿದ್ದು, ಸ್ಟೇಷನ್ ಎದುರು ನಿಂತ ಒಂದು ಫೋಟೊ ಕೆಲವು ಮನೆಗಳಲ್ಲಾದರೂ ಇರಬೇಕು.

ಇನ್ನು 1993ರ ಮಾರ್ಚ್ 20. ಮಂಗಳೂರು–ಉಡುಪಿ ನಡುವೆ ಕೊಂಕಣ ರೈಲ್ವೆಯ ಸಂಚಾರ ಶುರುವಾದ ದಿನ. ಅದರ ಫೋಟೊ ಕಲರ್ ಪ್ರಿಂಟಿನಲ್ಲಿ ಇವೆ. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಬಿದ್ದಿರುತ್ತದೆ. ಉಡುಪಿಯ ಇಂದ್ರಾಳಿ ಸ್ಟೇಷನ್ ಆಗ ಹೊಚ್ಚ ಹೊಸತು, ಸುತ್ತ ಗುಡ್ಡ ಕಡಿದ ಕೆಂಪು ಮಣ್ಣು, ಒಂದು ಮರ ಇಲ್ಲ. ಈಗ ನೋಡಿದವರಿಗೆ ಅದೇ ಜಾಗ ಎಂದು ಗೊತ್ತೇ ಆಗುವುದಿಲ್ಲ. ಕಲರ್ ಪ್ರಿಂಟು ಬಣ್ಣ ಬಿಡುತ್ತಾ ಇದೆ. ಎಲ್ಲ ಕೆಂಪಾಗುತ್ತಿದೆ. ಅಜ್ಜಂದಿರ ಕಪ್ಪು ಬಿಳುಪು ಫೋಟೊಕ್ಕಿಂತ ಮೊದಲು ಇವು ಹೋಗುತ್ತವೆ.

ಹಳೆಪೋಸ್ಟ್‌ಕಾರ್ಡ್:
ಇಂದ್ರಾಳಿಯವರು ಹೇಳಿದ ಕೊನೆಯ ಮಾತಿಗೆ ನೂರು ಸಲ ಹೌದು. ಅಂಟಿಸುವ ಆಲ್ಬಮಿನಲ್ಲಿದ್ದರೆ ಇನ್ನೂ ಬೇಗ.

ಕುಡ್ಲದಹುಡುಗ:
ನಾನು ಇವತ್ತು ಕೆಲಸ ಮಾಡಿದೆ! ಹೊಯಿಗೆಬಜಾರ್ ಅಂಕಲ್ ಹಾಕಿದ ಫೋಟೊವನ್ನು ಎಐ ಆ್ಯಪಿನಲ್ಲಿ ಕಲರ್ ಮಾಡಿದೆ. ಬೋರ್ಡು ಕೂಡ ಸ್ಪಷ್ಟ ಬಂತು. ನೋಡಿ.

ಹೊಯಿಗೆಬಜಾರ್:
ಮಗಾ, ನಿನ್ನ ಉತ್ಸಾಹ ನನಗೆ ಖುಷಿ. ಆದರೆ ಬೋರ್ಡಿನಲ್ಲಿ ಈಗ ಇರುವ ಅಕ್ಷರ ಯಾವ ಭಾಷೆಯದ್ದೂ ಅಲ್ಲ. ಅಜ್ಜನ ಮುಖ ಬೇರೆ ಯಾರದ್ದೋ ಆಗಿದೆ. ಮೂಗು ಅವರದ್ದಲ್ಲ. ಮುರಕಲ್ಲಿನ ಗೋಡೆ ಇಟ್ಟಿಗೆ ಗೋಡೆ ಆಗಿಬಿಟ್ಟಿದೆ.

ಜೆಪ್ಪುಕರೆ:
ಇದರ ಬಗ್ಗೆ ಈಗಲೇ ಒಂದು ನಿಯಮ ಮಾಡಿಬಿಡೋಣ. ಸಂಗ್ರಹಕ್ಕೆ ಬರುವುದು ಮೂಲ ಸ್ಕ್ಯಾನ್ ಮಾತ್ರ. ಬಣ್ಣ ತುಂಬಿದ್ದು, ಎಐ ತಿದ್ದಿದ್ದು ಬೇಡ. ನಮಗೆ ಬೇಕಾದ ಸುಳಿವೆಲ್ಲ ಸಣ್ಣ ಸಣ್ಣ ಜಾಗದಲ್ಲಿ ಇರುತ್ತದೆ. ಬೋರ್ಡಿನ ಅರ್ಧ ಅಕ್ಷರ, ಗೋಡೆಯ ಕಲ್ಲು, ಹಂಚಿನ ಸಾಲು. ಆ್ಯಪು ಮೊದಲು ಅಳಿಸುವುದು ಅದನ್ನೇ. ನಾಳೆ ಯಾರಾದರೂ ಅದನ್ನೇ ನೋಡಿ ಕಾರ್ಖಾನೆ ಗೋಡೆ ಇಟ್ಟಿಗೆಯದ್ದು ಎಂದು ಬರೆದರೆ ತಿದ್ದುವವರು ಯಾರು?

ಕುಡ್ಲದಹುಡುಗ, ನಿಮಗೆ ಬೇರೆ ಕೆಲಸ ಇದೆ. ಅದೇ ಜಾಗಕ್ಕೆ ಹೋಗಿ ಅದೇ ಕೋನದಲ್ಲಿ ಈಗಿನ ಫೋಟೊ ತೆಗೆಯಬೇಕು. ಮಾಡ್ತೀರಾ?

ಕುಡ್ಲದಹುಡುಗ:
ಖಂಡಿತ ಅಣ್ಣ. ಈ ಭಾನುವಾರವೇ ಹೋಗ್ತೇನೆ. ಎಐದ್ದು ತೆಗೆದುಬಿಟ್ಟೆ.

ಮಂಜೇಶ್ವರ_ಪ್ಯಾಸೆಂಜರ್:
ಗಡಿಯಾಚೆಯಿಂದ ಒಂದು ಮಾತು. 1956ರವರೆಗೆ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯೇ. ಈ ರೈಲಿನ ಕಥೆಯಲ್ಲಿ ನಾವೂ ಇದ್ದೇವೆ. ಮಂಗಳೂರಿನ ಸರ್ಕಾರಿ ಕಾಲೇಜು 1868ರದ್ದು, ಸಂತ ಅಲೋಶಿಯಸ್ 1880ರದ್ದು. ನಮ್ಮ ಕಡೆಯ ಹುಡುಗರು ಓದಿದ್ದು ರೈಲಿನಲ್ಲಿ ಹೋಗಿ ಬಂದು. ಹೆದ್ದಾರಿಯ ಸೇತುವೆ ಆಗುವ ಮೊದಲು ಉಳ್ಳಾಲದ ಹತ್ತಿರ ನೇತ್ರಾವತಿ ದಾಟಲು ಒಂದೋ ದೋಣಿ, ಇಲ್ಲವೋ ರೈಲು. ಈಗಲೂ ಬೆಳಿಗ್ಗೆಯ ಪ್ಯಾಸೆಂಜರ್ ನೋಡಿ, ಕಾಲೇಜು ಮಕ್ಕಳೇ ತುಂಬಿರುತ್ತಾರೆ.

ಮಂಗಳೂರು ಸ್ಟೇಷನ್ನಿನ ಹಳೆ ರೂಪ ಹುಡುಕುವವರು ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ ಸ್ಟೇಷನ್ನುಗಳ ಹಳೆ ಫೋಟೊವನ್ನೂ ಜತೆಗಿಟ್ಟು ನೋಡಬೇಕು. ಒಂದೇ ದಾರಿಯಲ್ಲಿ, ಒಂದೆರಡು ವರ್ಷದ ಅಂತರದಲ್ಲಿ ಹುಟ್ಟಿದ ಸ್ಟೇಷನ್ನುಗಳು. ಮಾಡಿನ ಇಳಿಜಾರು, ಹಂಚು, ಸೂರಿನ ಮರದ ಕೆತ್ತನೆ ಹಲಗೆ, ಕಿಟಕಿಯ ಮೇಲಿನ ಕಮಾನು ಎಲ್ಲ ಹೋಲಿಸಬಹುದು. ದೊಡ್ಡ ಸ್ಟೇಷನ್ನಿನಲ್ಲಿ ಏನಾದರೂ ಕಟ್ಟುತ್ತಲೇ ಇರುತ್ತಾರೆ. ಸಣ್ಣ ಸ್ಟೇಷನ್ನಿಗೆ ಅಷ್ಟು ದುಡ್ಡು ಯಾರು ಹಾಕುತ್ತಾರೆ? ಹಾಗಾಗಿ ಅಲ್ಲಿ ಹಳೆಯದು ಜಾಸ್ತಿ ಕಾಲ ಉಳಿಯುತ್ತದೆ.

ಹೊಯಿಗೆಬಜಾರ್:
ಬಹಳ ಒಳ್ಳೆಯ ಮಾತು. ಹಂಚು ಇಳಿಸುವ ಸಂದರ್ಭ ಬಂದರೆ ಅಡಿಭಾಗದ ಫೋಟೊ ತೆಗೆಯಲು ಹೇಳಿ. ಕಾರ್ಖಾನೆಯ ಹೆಸರು, ಗುರುತು ಅಚ್ಚಾಗಿರುತ್ತದೆ. ಬಾಸೆಲ್ ಮಿಶನ್ ಹಂಚಿನ ಮೇಲೆ '1865' ಎಂದಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ. ಕಟ್ಟಡದ ವರ್ಷ ಎಂದು ತಿಳಿಯಬೇಡಿ. ಈ ಗೊಂದಲ ಎಲ್ಲ ಕಡೆ ನೋಡುತ್ತೇನೆ.

ವಾಸ್ತುವಿದ್ಯಾರ್ಥಿ:
ನಮಸ್ಕಾರ. ನನ್ನ ಹತ್ತಿರ ಒಂದು ಪ್ರಿಂಟ್ ಇದೆ, ಬಂದರಿನ ಬದಿಯಿಂದ ಊರನ್ನು ನೋಡುವ ನೋಟ. ಮುಂದೆ ದಕ್ಕೆಯಲ್ಲಿ ಮಂಜಿಗಳ ಕಂಬ. ಹಿಂದೆ ತೆಂಗಿನ ತೋಟದ ಮೇಲೆ ಮಾಡುಗಳು. ಮುಂದಿನ ಸಾಲಿನ ಗೋಡೌನಿಗೆಲ್ಲ ಹಂಚು, ಹಿಂದಿನ ಸಣ್ಣ ಮನೆಗಳಿಗೆ ಮುಳಿಹುಲ್ಲು. ವರ್ಷ ಹೇಗೆ ಹಿಡಿಯುವುದು?

ಹಳೆಪೋಸ್ಟ್‌ಕಾರ್ಡ್:
ರೊಜಾರಿಯೊ ಚರ್ಚ್ ಕಾಣುತ್ತದಾ ನೋಡಿ. ಈಗಿರುವ ದೊಡ್ಡ ಗುಮ್ಮಟದ ಕಟ್ಟಡ 1910ರ ದಶಕದ್ದು. ಗುಮ್ಮಟ ಇದ್ದರೆ ಆಮೇಲಿನದ್ದು.

ವಾಸ್ತುವಿದ್ಯಾರ್ಥಿ:
ಗುಮ್ಮಟ ಇಲ್ಲ! ಆದರೆ ಬಲಗಡೆ ಮೂಲೆಯಲ್ಲಿ ಸಾಲಾಗಿ ಪೆಟ್ಟಿಗೆಗಳ ಹಾಗೆ ಕಾಣುತ್ತದೆ. ವ್ಯಾಗನ್ ಇರಬಹುದಾ?

ಮೀಟರ್‌ಗೇಜ್_ಪುತ್ತೂರು:
ಆ ಮೂಲೆ ಮಾತ್ರ 1,200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಕಳಿಸಿ. ವ್ಯಾಗನ್ ಆಗಿದ್ದರೆ, ಗುಮ್ಮಟ ಇಲ್ಲ ಎಂದಾದರೆ, 1907 ಮತ್ತು ಗುಮ್ಮಟ ಎದ್ದ ಕಾಲದ ಮಧ್ಯೆ ಸಿಕ್ಕಿಬಿಡುತ್ತದೆ. ಬಂದರಿಗೆ ಹಳಿ ಬಂದ ಮೊದಲ ವರ್ಷಗಳು!

ಅತ್ತಾವರಅಕ್ಕ:
ನನಗೂ ಮೈ ಜುಮ್ ಎಂದಿತು.

ವಾಸ್ತುವಿದ್ಯಾರ್ಥಿ:
ಸ್ಕ್ಯಾನ್ ಹಾಕಿದ್ದೇನೆ. ಚಕ್ರ ಕಾಣುತ್ತದೆ, ಅಲ್ವಾ?

ಮೀಟರ್‌ಗೇಜ್_ಪುತ್ತೂರು:
ಚಕ್ರ ಇದೆ. ಎರಡು ಅಚ್ಚಿನ ಸಣ್ಣ ವ್ಯಾಗನ್. ಹಿಂದೆ ಇನ್ನೂ ಎರಡು. ಗೂಡ್ಸ್ ಶೆಡ್ಡಿನ ಮಾಡು ಅದರ ಪಕ್ಕ. ಶೆಡ್ಡಿಗೆ ತಗಡಲ್ಲ, ಹಂಚು ಹಾಕಿದ್ದಾರೆ ನೋಡಿ. ಹಂಚಿನ ಊರಿನ ಶೆಡ್ ಹಾಗೇ ಇರಬೇಕು.

ಇಂದ್ರಾಳಿ:
ಆದರೂ ಒಂದು ಅನುಮಾನ. ಗುಮ್ಮಟ ಇದ್ದೂ ತೆಂಗಿನ ಮರದ ಹಿಂದೆ ಮುಚ್ಚಿಹೋಗಿರಬಹುದಲ್ವಾ? ಕ್ಯಾಮೆರಾ ಎಲ್ಲಿತ್ತು ಎಂದು ಮೊದಲು ಗೊತ್ತಾಗಬೇಕು.

ಜೆಪ್ಪುಕರೆ:
ಸರಿಯಾದ ಪ್ರಶ್ನೆ. ಕುಡ್ಲದಹುಡುಗ ಭಾನುವಾರ ಹೊಳೆಯಾಚೆಯ ಬೆಂಗ್ರೆಗೆ ಹೋಗಿ ಅಲ್ಲಿಂದ ಈಚೆಗೆ ಫೋಟೊ ತೆಗೆದರೆ ರೊಜಾರಿಯೊದ ದಿಕ್ಕು ಸಿಗುತ್ತದೆ. ಅದು ಆಗುವವರೆಗೆ 'ಸುಮಾರು 1907ರ ನಂತರ' ಎಂದಷ್ಟೇ ಬರೆಯೋಣ.

ಮಂಜೇಶ್ವರ_ಪ್ಯಾಸೆಂಜರ್:
ಜತೆಗೆ ಇನ್ನೊಂದು. 'ನೇತ್ರಾವತಿ ರೈಲ್ವೆ ಸೇತುವೆ' ಎಂದು ಓಡಾಡುವ ಒಂದು ಫೋಟೊ ನಿಜವಾಗಿ ಪಾಣೆಮಂಗಳೂರಿನ ಹಳೆ ರಸ್ತೆ ಸೇತುವೆಯದ್ದು. ಎರಡೂ ಒಂದೇ ಹೊಳೆಗೆ ಕಟ್ಟಿದ್ದು, ಅದಕ್ಕೇ ಗೊಂದಲ. ಜೆಪ್ಪುವಿನ ಹತ್ತಿರ ಹೊಳೆ ತುಂಬಾ ಅಗಲ, ಸಮುದ್ರ ಹತ್ತಿರ, ನೀರಿನ ಮಧ್ಯೆ ಕುದ್ರು (ನಡುಗಡ್ಡೆ), ದಡದಲ್ಲಿ ತೆಂಗು. ಪಾಣೆಮಂಗಳೂರಿನಲ್ಲಿ ಹಾಗಿಲ್ಲ. 1923 ಮತ್ತು 1974ರ ನೆರೆಯ ಫೋಟೊ ಎಂದು ಬರುವುದರಲ್ಲೂ ಇದೇ ಪರೀಕ್ಷೆ ಮಾಡಿ.

ಹೊಯಿಗೆಬಜಾರ್:
ಈಗ ಒಂದು ಬೇಸರದ ವಿಷಯ. ಕೆಲವು ವರ್ಷದ ಹಿಂದೆ ಪೇಟೆಯ ಒಂದು ಹಳೆ ಸ್ಟುಡಿಯೊ ಮುಚ್ಚಿತು. ಗಾಜಿನ ನೆಗೆಟಿವ್ ಪೆಟ್ಟಿಗೆ ಪೆಟ್ಟಿಗೆ ಇತ್ತು. ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದಿದೆ ಎಂದು ತೊಳೆದು ಕಿಟಕಿಗೆ ಗಾಜು ಮಾಡಿಕೊಂಡರು ಎಂದು ಆಮೇಲೆ ಗೊತ್ತಾಯಿತು. ಎಷ್ಟು ಮನೆ, ಎಷ್ಟು ಬೀದಿ, ಎಷ್ಟು ಮುಖ ಅದರಲ್ಲಿ ಹೋಯಿತೋ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಳೆಪೋಸ್ಟ್‌ಕಾರ್ಡ್:
ಗಾಜಿನ ನೆಗೆಟಿವ್ ಯಾರಿಗಾದರೂ ಸಿಕ್ಕಿದರೆ ನೀರು ಮುಟ್ಟಿಸಬೇಡಿ. ಚಿತ್ರ ಇರುವ ಪದರ ಎದ್ದು ಬರುತ್ತದೆ. ಅಂಚು ಹಿಡಿದು ಎತ್ತಿ. ಒಂದರ ಮೇಲೆ ಒಂದು ಪೇರಿಸದೆ, ನಡುವೆ ಕಾಗದ ಇಟ್ಟು ನಿಲ್ಲಿಸಿ ಇಡಿ. ಹಿಂದೆ ಬಿಳಿ ಲೈಟ್ ಇಟ್ಟು ಮೊಬೈಲಿನಲ್ಲೇ ಫೋಟೊ ತೆಗೆದರೂ ಸದ್ಯಕ್ಕೆ ಸಾಕು.

ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಬೇಡವೇ ಬೇಡ. ಹಿಂದೆ ಬರೆಯುವುದಾದರೆ ಮೆತ್ತನೆ ಪೆನ್ಸಿಲ್. ಬಾಲ್‌ಪೆನ್ ಒತ್ತಿದ ಗೆರೆ ಮುಂದೆ ಮೂಡುತ್ತದೆ. ನಮ್ಮ ಊರಿನ ಮಳೆಗಾಲಕ್ಕೆ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲ ಹಾಕಿ, ನೀಲಿ ಬಣ್ಣ ಹೋದಾಗ ಬದಲಾಯಿಸಿ.

ಬಾಸೆಲ್ ಮಿಶನ್ನಿನ ಹಳೆ ಫೋಟೊಗಳು ಬಾಸೆಲ್‌ನ ಅವರ ದಾಖಲೆಮನೆಯಲ್ಲಿ ಸುರಕ್ಷಿತವಾಗಿವೆ, ಆನ್‌ಲೈನಿನಲ್ಲೂ ನೋಡಬಹುದು. ಅಲ್ಲಿ ಹುಡುಕುವಾಗ ಊರಿನ ಹಳೆ ಸ್ಪೆಲಿಂಗುಗಳನ್ನೂ ಹಾಕಿ ನೋಡಿ, ವಿವರಣೆ ಎಷ್ಟೋ ಸಲ ಜರ್ಮನ್ ಭಾಷೆಯಲ್ಲಿರುತ್ತದೆ. ಮಿಶನ್ನಿನ ಶಾಲೆ, ಚರ್ಚು, ನೇಯ್ಗೆ, ಹಂಚಿನ ಚಿತ್ರ ಅಲ್ಲಿ ಸಿಗುತ್ತವೆ. ಆದರೆ ಪಾಂಡೇಶ್ವರ ಗೇಟಿನ ಪಕ್ಕದ ಚಹಾ ಅಂಗಡಿ ಬಾಸೆಲ್‌ನಲ್ಲಿ ಇರುತ್ತದೆ ಎಂದು ನನಗೆ ಅನಿಸುವುದಿಲ್ಲ. ಅದು ನಮ್ಮ ಮನೆಗಳಲ್ಲೇ ಇರಬೇಕು.

ಜೆಪ್ಪುಕರೆ:
ಹಾಗಾದರೆ ಕೆಲಸ ಹಂಚಿಕೊಳ್ಳೋಣ. ಎದುರು, ಹಿಂಬದಿ ಎರಡೂ ಸ್ಕ್ಯಾನ್, 600 ಡಿಪಿಐಗೆ ಕಡಿಮೆ ಬೇಡ. ಪ್ರತಿ ಫೋಟೊ ಜತೆ ಜಾಗ, ಕ್ಯಾಮೆರಾ ನೋಡುವ ದಿಕ್ಕು, ಅಂದಾಜು ವರ್ಷ, ಮತ್ತು ಆ ವರ್ಷ ಯಾಕೆ ಎಂಬುದು. "ಬೋರ್ಡಿನಲ್ಲಿ ಕಾಮನ್‌ವೆಲ್ತ್ ಎಂದಿದೆ" ಎಂಬ ಹಾಗೆ ಕಾರಣ ಬರೆದಿದ್ದರೆ ಮುಂದೆ ಬರುವವರು ಪರೀಕ್ಷೆ ಮಾಡಬಹುದು. ಮನೆಯವರು ಒಪ್ಪದೆ ಯಾರ ಹೆಸರೂ ಬೇಡ. ಫೋಟೊ ಮೇಲೆ ದೊಡ್ಡ ವಾಟರ್‌ಮಾರ್ಕ್ ಬೇಡ. ಕೊಟ್ಟವರ ಹೆಸರು ಕೆಳಗೆ ಬರೆಯುತ್ತೇನೆ.

ಸದ್ಯಕ್ಕೆ ನಮ್ಮ ಹತ್ತಿರ ಒಂದೂ ಇಲ್ಲದ್ದು: ಪಾಂಡೇಶ್ವರ ಗೇಟು, ಮಹಾಕಾಳಿಪಡ್ಪು ಗೇಟು, ಸ್ಟೇಷನ್ ಎದುರಿನ ಜಟಕಾ ನಿಲ್ಲುವ ಜಾಗ, ಕಾಫಿ ಶೆಡ್ಡಿನಲ್ಲಿ ಬೀಜ ಆರಿಸುತ್ತಿದ್ದ ಹೆಂಗಸರು. ಕೊನೆಯದ್ದು ನನಗೆ ತುಂಬಾ ಬೇಕು.

ಅತ್ತಾವರಅಕ್ಕ:
ಕಾಫಿ ಶೆಡ್ಡಿಗೆ ಹೋಗುತ್ತಿದ್ದ ಒಬ್ಬರು ನಮ್ಮ ಸಾಲಿನ ಹಿಂದೆಯೇ ಇದ್ದರು. ಈಗ ಮಗಳ ಮನೆ ಬಜಾಲಿನಲ್ಲಿದ್ದಾರೆ. ಅವರಿಗೆ ತೊಂಬತ್ತರ ಹತ್ತಿರ, ನೆನಪು ಚೆನ್ನಾಗಿದೆ. ಶೆಡ್ಡಿನ ಸಂಘದವರ ಜತೆ ನಿಂತ ಫೋಟೊ ಅವರ ಗೋಡೆಯಲ್ಲಿ ನೋಡಿದ್ದೇನೆ. ಬುಧವಾರ ಹೋಗಿ ಕೇಳುತ್ತೇನೆ. ಕೊಟ್ಟರೆ ಗಾಜಿನ ಸಮೇತ ತರುತ್ತೇನೆ, ಸ್ಕ್ಯಾನರ್ ಯಾರ ಹತ್ತಿರ ಇದೆ?

ವಾಸ್ತುವಿದ್ಯಾರ್ಥಿ:
ನನ್ನ ಹತ್ತಿರ ಇದೆ ಅಕ್ಕ. ಚಿಕ್ಕದು, ಹಿಡಿದುಕೊಂಡು ಬರಬಹುದು. ಅವರ ಮನೆಯಿಂದ ಫೋಟೊ ಹೊರಗೆ ತರುವುದೇ ಬೇಡ. ಬುಧವಾರ ನಾನೂ ನಿಮ್ಮ ಜತೆ ಬರುತ್ತೇನೆ.